ಪರಿಚಯವಿಲ್ಲದ ಕಂಪನಿಗೆ ಮೊದಲ ಇಮೇಲ್: ಸಣ್ಣ ಮಷೀನ್ ಶಾಪ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆ ಎಲ್ಲೇ ನೋಡಿ, ಎರಡು ಮೂರು ಸಿಎನ್‌ಸಿ (ಕಂಪ್ಯೂಟರ್ ನಡೆಸುವ, ಲೋಹ ಕತ್ತರಿಸುವ ಮಷೀನು) ಇಟ್ಟುಕೊಂಡು ಜಾಬ್ ವರ್ಕ್ (ಬೇರೆ ಕಂಪನಿಗಳಿಗೆ ಪಾರ್ಟ್ ಮಾಡಿಕೊಡುವ ಕೆಲಸ) ಮಾಡುವ ಶೆಡ್‌ಗಳಿಗೆ ಕೆಲಸ ಬರುವ ದಾರಿ ಹೆಚ್ಚುಕಡಿಮೆ ಒಂದೇ. ಮಾಲೀಕರು ಹಿಂದೆ ಕೆಲಸಕ್ಕಿದ್ದ ಕಂಪನಿ, ಇಲ್ಲವೇ ಗೊತ್ತಿದ್ದವರ ಬಾಯಿಮಾತು. ದಾರಿ ಒಳ್ಳೆಯದೇ, ಆದರೆ ಅದು ಒಬ್ಬಿಬ್ಬರು ಗ್ರಾಹಕರ ಹತ್ತಿರ ಹೋಗಿ ನಿಂತುಬಿಡುತ್ತದೆ. ಅವರ ಆರ್ಡರ್ ನಿಂತ ತಿಂಗಳು ಮಷೀನಿನ ಇಎಂಐ ನಿಲ್ಲುವುದಿಲ್ಲ. ಆಗ ನೆನಪಾಗುವುದೇ ಇಮೇಲ್. ಯಾರದೋ ಬಳಿ ಸಿಕ್ಕ ಸಾವಿರ ವಿಳಾಸಗಳಿಗೆ ಕಂಪನಿ ಪ್ರೊಫೈಲ್ ಹೋಗುತ್ತದೆ, ಒಂದೂ ಉತ್ತರ ಬರುವುದಿಲ್ಲ, ‘ಇಮೇಲ್‌ನಿಂದ ಏನೂ ಆಗಲ್ಲ’ ಎಂಬ ತೀರ್ಮಾನವೂ ಆಗಿಬಿಡುತ್ತದೆ.

ಪರ್ಚೇಸ್ ವಿಭಾಗದಲ್ಲಿ ಕೂತು ಇಂಥ ಪತ್ರಗಳನ್ನು ಓದಿದವನು ನಾನು, ಆದ್ದರಿಂದ ಇಲ್ಲಿರುವ ಮಾತೆಲ್ಲ ಓದುವವರ ಕಡೆಯಿಂದಲೇ. ಕೇಳದೆ ಬಂದ ಪತ್ರಕ್ಕೆ ಉತ್ತರ ಸಿಗುತ್ತದೆ. ಸಿಗಬೇಕಾದರೆ ಅದು ಒಬ್ಬರಿಗೆ, ಅವರ ಕೆಲಸ ತಿಳಿದು, ಅರ್ಧ ನಿಮಿಷದಲ್ಲಿ ಉತ್ತರಿಸಬಹುದಾದ ಒಂದೇ ಪ್ರಶ್ನೆಯೊಂದಿಗೆ ಬರೆದದ್ದಾಗಿರಬೇಕು. ವಾರಕ್ಕೆ ಹದಿನೈದು ಇಪ್ಪತ್ತು ಪತ್ರ ಸಾಕು. ಬರೆಯುವುದಕ್ಕಿಂತ ಹೆಚ್ಚು ಹೊತ್ತು ಹುಡುಕುವುದರಲ್ಲೇ ಹೋಗುತ್ತದೆ.

1. ಶೆಡ್ಡಿನ ಕೆಲಸವನ್ನು ಎರಡು ಸಾಲಿಗೆ ಇಳಿಸಿ

‘ಆಲ್ ಟೈಪ್ಸ್ ಆಫ್ ಮಷೀನಿಂಗ್ ವರ್ಕ್ಸ್ ಅಂಡರ್‌ಟೇಕನ್’ ಎಂಬುದು ಬೋರ್ಡಿನ ಮೇಲೆ ನಡೆಯುತ್ತದೆ, ಪತ್ರದಲ್ಲಿ ನಡೆಯುವುದಿಲ್ಲ. ಪರ್ಚೇಸ್‌ನವರ ಮೇಜಿನ ಮೇಲೆ ಯಾವಾಗಲೂ ತಡವಾಗಿರುವ ಒಂದು ಪಾರ್ಟಿನ ಡ್ರಾಯಿಂಗ್ ಇರುತ್ತದೆ. ನಿಮ್ಮ ಪತ್ರ ತೆರೆದಾಗ ಅವರು ಕೇಳಿಕೊಳ್ಳುವುದು ಇಷ್ಟೇ: ಇದು ಇವರ ಕೈಲಿ ಆಗುತ್ತಾ? ಅದಕ್ಕೆ ಬೇಕಾದ ಮಾಹಿತಿ ಕೊಡಿ. ಯಾವ ಮಷೀನು, ಎಷ್ಟು ದೊಡ್ಡ ಪಾರ್ಟ್ ಹಿಡಿಯುತ್ತದೆ, ಯಾವ ಮೆಟೀರಿಯಲ್‌ನಲ್ಲಿ ಕೈ ಪಳಗಿದೆ, ಎಷ್ಟು ಟಾಲರೆನ್ಸ್ (ಅಳತೆ ಎಷ್ಟರ ಮಟ್ಟಿಗೆ ಆಚೀಚೆ ಆಗಬಹುದು), ಎಷ್ಟು ಪೀಸಿನ ಬ್ಯಾಚು, ಅಳೆಯಲು ಏನಿದೆ.

ಟಾಲರೆನ್ಸ್ ವಿಷಯದಲ್ಲಿ ಮಾತ್ರ ಜಂಬ ಬೇಡ. ಯಾವಾಗಲೋ ಒಂದು ಪೀಸಿನಲ್ಲಿ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಐದು ಭಾಗ) ಬಂದಿರಬಹುದು. ಇಡೀ ಬ್ಯಾಚಿಗೆ ಹಿಡಿದಿಡಬಲ್ಲದ್ದು 20 ಮೈಕ್ರಾನ್ ಆದರೆ 20 ಎಂದೇ ಬರೆಯಿರಿ. ಸುಳ್ಳು ಅಂಕಿ ಕೊಟ್ಟು ಪಡೆದ ಸ್ಯಾಂಪಲ್ ಆರ್ಡರ್ ರಿಜೆಕ್ಟ್ ಆದರೆ ಆ ಕಂಪನಿಯ ಬಾಗಿಲು ವರ್ಷಗಟ್ಟಲೆ ಮುಚ್ಚಿತೆಂದೇ ಲೆಕ್ಕ. ನಿಮ್ಮಲ್ಲಿ ಇಲ್ಲದ್ದನ್ನೂ ಹೇಳಬಹುದು. ‘ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್ ಹೊರಗೆ ಮಾಡಿಸಿಕೊಡುತ್ತೇವೆ’ ಎಂಬ ಸಾಲು ಓದಿದವರಿಗೆ ಉಳಿದದ್ದರ ಮೇಲೂ ನಂಬಿಕೆ ಬರುತ್ತದೆ.

2. ಯಾವ ಕಂಪನಿ, ಅಲ್ಲಿ ಯಾರು

ಎಲ್ಲದರಲ್ಲೂ ಮುಖ್ಯವಾದ ಹಂತ ಇದು. ಮೂರು ಮಷೀನಿನ ಶೆಡ್ ಕಾರು ಬಿಡಿಭಾಗ ಮಾಡುವ ದೊಡ್ಡ ಕಂಪನಿಗೆ ಬರೆದರೆ ಏನಾಗುತ್ತದೆ? ಅವರಿಗೆ ತಿಂಗಳಿಗೆ ಸಾವಿರಗಟ್ಟಲೆ ಪೀಸು ಬೇಕು, ವಾಹನ ಉದ್ಯಮದ ಗುಣಮಟ್ಟಕ್ಕೆ ಕೊಡುವ ಐಎಟಿಎಫ್ 16949 ಪ್ರಮಾಣಪತ್ರ ಬೇಕು, ಪೈಸೆ ಲೆಕ್ಕದಲ್ಲಿ ರೇಟು ಬೇಕು. ನಿಮ್ಮ ಪತ್ರ ಎಷ್ಟೇ ಚೆನ್ನಾಗಿದ್ದರೂ ಉತ್ತರ ಬರುವುದಿಲ್ಲ. ಅದೇ ಪ್ಯಾಕೇಜಿಂಗ್ ಮಷೀನ್, ಫಾರ್ಮಾ ಮಷೀನ್, ಕನ್ವೇಯರ್, ಸ್ಪೆಷಲ್ ಪರ್ಪಸ್ ಮಷೀನ್ ಕಟ್ಟುವವರನ್ನು ನೋಡಿ. ಒಂದು ಮಷೀನಿಗೆ ನೂರಾರು ಬಗೆಯ ಪಾರ್ಟು, ಪ್ರತಿ ಬಗೆಯಲ್ಲಿ ಐದೋ ಹತ್ತೋ ಐವತ್ತೋ ಪೀಸು. ದೊಡ್ಡ ವೆಂಡರ್‌ಗಳು ಇಂಥ ಸಣ್ಣ ಬ್ಯಾಚು ಮುಟ್ಟುವುದಿಲ್ಲ, ಮುಟ್ಟಿದರೂ ತಮ್ಮ ದೊಡ್ಡ ಆರ್ಡರ್‌ಗಳ ಹಿಂದೆ ತಳ್ಳುತ್ತಾರೆ. ನಿಮ್ಮಂಥವರಿಗೆ ಜಾಗ ಇರುವುದು ಅಲ್ಲಿ.

ಏರೋಸ್ಪೇಸ್ ಕಂಪನಿಗಳನ್ನು ದೂರದಿಂದ ನೋಡಿ ಸುಮ್ಮನಾಗುವವರು ಬಹಳ. ವಿಮಾನ ಉದ್ಯಮದ ಗುಣಮಟ್ಟದ ಪ್ರಮಾಣಪತ್ರ ಎಎಸ್ 9100 ಇಲ್ಲದೆ ವಿಮಾನಕ್ಕೆ ಹೋಗುವ ಪಾರ್ಟ್ ಸಿಗುವುದು ಕಷ್ಟ, ನಿಜ. ಆದರೆ ಆ ಪಾರ್ಟನ್ನು ಹಿಡಿದು ಕೂರಿಸುವ ಫಿಕ್ಸ್ಚರ್, ಜಿಗ್, ಸಾಫ್ಟ್ ಜಾ, ಗೇಜುಗಳೂ ಅವರಿಗೆ ಬೇಕಲ್ಲ? ಅವಕ್ಕೆ ಸಾಮಾನ್ಯವಾಗಿ ಅಷ್ಟು ಕಟ್ಟುನಿಟ್ಟಿಲ್ಲ. ದೇವನಹಳ್ಳಿ ಕಡೆಯ ಕಂಪನಿಗೆ ಬರೆಯುವುದಾದರೆ ಆ ಕೆಲಸ ಕೇಳಿ.

ಕಂಪನಿ ಗೊತ್ತಾಯಿತು, ಈಗ ಮನುಷ್ಯ. ಮಾಲೀಕರಿಗೇ ಬರೆಯುವ ಚಟ ನಮ್ಮಲ್ಲಿ ಹೆಚ್ಚು. ಐವತ್ತು ಜನರ ಒಳಗಿನ ಕಂಪನಿಯಾದರೆ ಅದು ಸರಿಯೇ. ದೊಡ್ಡ ಕಂಪನಿಯಲ್ಲಿ ನಾಲ್ಕು ಥರದವರಿದ್ದಾರೆ. ಬೈಯರ್ ಕೈಯಲ್ಲಿರುವುದು ಈಗಾಗಲೇ ಇರುವ ವೆಂಡರ್‌ಗಳ ಪಿಒ (ಪರ್ಚೇಸ್ ಆರ್ಡರ್), ಹೊಸಬರನ್ನು ಸೇರಿಸುವುದು ಅವರಿಗೆ ಹೆಚ್ಚುವರಿ ಕೆಲಸ. ವೆಂಡರ್ ಡೆವಲಪ್‌ಮೆಂಟ್ ಅಥವಾ ಸೋರ್ಸಿಂಗ್‌ನವರ ಕೆಲಸವೇ ಹೊಸಬರನ್ನು ಹುಡುಕುವುದು. ಹೊಸ ಉತ್ಪನ್ನ ವಿಭಾಗದ ಎಂಜಿನಿಯರ್‌ಗೆ ಪ್ರೊಟೊಟೈಪ್ ಬೇಗ ಬೇಕಿರುತ್ತದೆ, ರೇಟಿನ ಗಲಾಟೆ ಕಡಿಮೆ. ಮೆಂಟೆನೆನ್ಸ್ ಮ್ಯಾನೇಜರ್‌ಗೆ ನಾಳೆ ಬೆಳಗ್ಗೆಗೆ ಒಂದು ಶಾಫ್ಟ್ ಬೇಕಿರುತ್ತದೆ. ಸಣ್ಣ ಶೆಡ್ ಒಳಹೊಕ್ಕಲು ಕೊನೆಯ ಇಬ್ಬರೇ ಸುಲಭದ ದಾರಿ ಎಂಬುದು ನನ್ನ ಅಭಿಪ್ರಾಯ. ಪರ್ಚೇಸ್‌ನಲ್ಲಿದ್ದವನೇ ಹೀಗೆ ಹೇಳಿದರೆ ಹಳೆಯ ಸಹೋದ್ಯೋಗಿಗಳಿಗೆ ಸಿಟ್ಟು ಬರಬಹುದು.

3. ವಿಳಾಸ ಕೂಡಿಸುವುದು

ಪ್ರದರ್ಶನಗಳಲ್ಲಿ ಸ್ಟಾಲ್ ಹಾಕುವವರ ಪಟ್ಟಿ ಒಳ್ಳೆಯ ಆರಂಭ. ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಮಷೀನ್ ಟೂಲ್ ಪ್ರದರ್ಶನ ಇಮ್‌ಟೆಕ್ಸ್‌ಗೆ ನಮ್ಮವರು ಟೂಲ್ ನೋಡಲು ಹೋಗುತ್ತಾರೆ. ಅಲ್ಲಿ ಸ್ಟಾಲ್ ಹಾಕಿರುವ ಮಷೀನ್ ತಯಾರಕರೇ ಬ್ರಾಕೆಟ್, ಫ್ಲೇಂಜ್, ಹೌಸಿಂಗ್‌ಗಳನ್ನು ಹೊರಗೆ ಮಾಡಿಸುವವರು ಎಂಬುದನ್ನು ಮರೆಯುತ್ತಾರೆ. ಕಾಸಿಯಾ, ಪೀಣ್ಯ ಕೈಗಾರಿಕಾ ಸಂಘದಂಥ ಸಂಸ್ಥೆಗಳ ಸದಸ್ಯರು, ಕಂಪನಿಗಳ ಜಾಲತಾಣದಲ್ಲಿ ಸಪ್ಲೈಯರ್‌ಗಳಿಗೆಂದೇ ಇರುವ ಪುಟ, ಲಿಂಕ್ಡ್‌ಇನ್ ಇವೂ ಇವೆ. ಕೆಲಸಕ್ಕೆ ಬೇಕಾಗಿದ್ದಾರೆ ಜಾಹೀರಾತುಗಳನ್ನೂ ಓದಿ. ‘ವೆಂಡರ್ ಡೆವಲಪ್‌ಮೆಂಟ್ ಎಂಜಿನಿಯರ್ ಬೇಕು’ ಎಂದು ಒಂದು ಕಂಪನಿ ಹಾಕಿದರೆ ಅಲ್ಲಿ ಹೊಸ ವೆಂಡರ್‌ಗಳ ಹುಡುಕಾಟ ನಡೆದಿದೆ ಎಂದೇ ಅರ್ಥ.

ಹೆಸರು ಸಿಕ್ಕಿ ವಿಳಾಸ ಸಿಗದಿದ್ದರೆ ಊಹೆ ಮಾಡಬೇಡಿ. ಕಂಪನಿಯ ಲ್ಯಾಂಡ್‌ಲೈನ್‌ಗೆ ಫೋನ್ ಮಾಡಿ, ‘ಮಷೀನ್ಡ್ ಪಾರ್ಟ್ಸ್ ಯಾರು ನೋಡ್ತಾರೆ ಸರ್? ಅವರಿಗೊಂದು ಮೇಲ್ ಹಾಕ್ಬೇಕಿತ್ತು’ ಎಂದು ಕೇಳಿ. ರಿಸೆಪ್ಷನ್‌ನವರು ಬಹಳ ಸಲ ಹೇಳಿಬಿಡುತ್ತಾರೆ. ಊಹಿಸಿ ಕಳಿಸಿದ ಪತ್ರಗಳು ವಾಪಸ್ ಬಂದಷ್ಟೂ ನಿಮ್ಮ ಡೊಮೇನಿನ (ಇಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಭಾಗ) ಹೆಸರು ಕೆಡುತ್ತದೆ.

ದುಡ್ಡು ಕೊಟ್ಟು ಪಟ್ಟಿ ಕೊಳ್ಳಲೇಬೇಡಿ. ಅದರಲ್ಲಿ ಕೆಲಸ ಬಿಟ್ಟುಹೋದವರ ಸತ್ತ ವಿಳಾಸಗಳಿರುತ್ತವೆ, ಸ್ಪ್ಯಾಮ್ ಹಿಡಿಯಲೆಂದೇ ಇಟ್ಟ ಬಲೆಯ ವಿಳಾಸಗಳೂ ಇರುತ್ತವೆ. ಪಟ್ಟಿ ಕೈಗೆ ಸಿಕ್ಕಿತೆಂದು ಎಲ್ಲರಿಗೂ ಕಳಿಸುವ ಆಸೆ ಇಂದು ನಿನ್ನೆಯದಲ್ಲ. 1978ರ ಮೇ ತಿಂಗಳಲ್ಲಿ ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಮಾರಾಟ ವಿಭಾಗದ ಗ್ಯಾರಿ ತ್ಯೂರ್ಕ್, ಇಂಟರ್ನೆಟ್‌ಗೆ ಮುಂಚಿನ ಜಾಲವಾದ ಆರ್ಪಾನೆಟ್ ಬಳಕೆದಾರರ ಡೈರೆಕ್ಟರಿ ಹಿಡಿದು ಸುಮಾರು 400 ಜನರಿಗೆ ಕಂಪ್ಯೂಟರ್ ಜಾಹೀರಾತು ಕಳಿಸಿದರು. ವಿಳಾಸಗಳು ಅವುಗಳ ಜಾಗದಲ್ಲಿ ಹಿಡಿಸದೆ ಪತ್ರದೊಳಗೇ ಚೆಲ್ಲಿಕೊಂಡವು. ಬೈಗುಳ ಬೇಕಾದಷ್ಟು ಬಂತು. ಇವತ್ತಿಗೂ ನಮ್ಮಲ್ಲಿ ‘ಟು’ ಜಾಗದಲ್ಲಿ ಅರವತ್ತು ಕಂಪನಿಗಳ ವಿಳಾಸ ಒಟ್ಟಿಗೇ ಹಾಕಿ ಕಳಿಸುವವರಿದ್ದಾರೆ. ಓದುವವರಿಗೆ ಅಲ್ಲಿ ಕಾಣುವುದು ತಮ್ಮ ಪ್ರತಿಸ್ಪರ್ಧಿಗಳ ಹೆಸರು ಮಾತ್ರ.

4. ನಿಮ್ಮ ಪತ್ರ ಇನ್‌ಬಾಕ್ಸ್ ತಲುಪಬೇಕಲ್ಲ

ಶೆಡ್ಡಿನ ಹೆಸರಿಗೆ ಸ್ವಂತ ಡೊಮೇನ್ ಇರಲಿ. ಜಿಮೇಲ್ ವಿಳಾಸದಿಂದ ಬಂದ ಕೊಟೇಶನ್ ನೋಡಿದರೆ ಪರ್ಚೇಸ್‌ನವರಿಗೆ ಸಣ್ಣ ಅನುಮಾನ ಹುಟ್ಟುತ್ತದೆ, ಇಂದಿನ ಮೋಸಗಳ ಕಾಲದಲ್ಲಿ ಅದು ಸಹಜ. ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365, ಜೊಹೊ ಯಾವುದಾದರೂ ಆದೀತು.

ಡೊಮೇನ್ ಕೊಂಡಮೇಲೆ ಅದರ ಸೆಟ್ಟಿಂಗ್‌ನಲ್ಲಿ ಮೂರು ದಾಖಲೆ (ರೆಕಾರ್ಡ್) ಹಾಕಿಸಿ. ಎಸ್‌ಪಿಎಫ್ ಎಂಬುದು ನಿಮ್ಮ ಡೊಮೇನಿನ ಹೆಸರಲ್ಲಿ ಯಾವ ಸರ್ವರ್‌ಗಳು ಪತ್ರ ಕಳಿಸಬಹುದು ಎಂಬ ಪಟ್ಟಿ. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ಇರಬೇಕು, ಎರಡು ಸೇವೆ ಬಳಸಿದರೂ ಒಂದರಲ್ಲೇ ಸೇರಿಸಬೇಕು. ಡಿಕೆಐಎಂ ಪ್ರತಿ ಪತ್ರಕ್ಕೂ ಬೀಳುವ ಡಿಜಿಟಲ್ ಸಹಿ. ಈ ಪರೀಕ್ಷೆಗಳಲ್ಲಿ ಪಾಸಾಗದ ಪತ್ರವನ್ನು ಏನು ಮಾಡಬೇಕೆಂದು ಪಡೆಯುವವರಿಗೆ ಹೇಳುವುದು ಡಿಮಾರ್ಕ್. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನಿಗೆ ಇದು ಅರ್ಧ ಗಂಟೆಯ ಕೆಲಸ. ಆದಮೇಲೆ ನಿಮ್ಮದೇ ಜಿಮೇಲ್‌ಗೆ ಒಂದು ಪತ್ರ ಕಳಿಸಿ, ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಮೂರು ಚುಕ್ಕಿಯ ಮೆನುವಿನಲ್ಲಿ ‘ಶೋ ಒರಿಜಿನಲ್’ ಒತ್ತಿ. ಮೂರರ ಮುಂದೆಯೂ ‘ಪಾಸ್’ ಕಾಣಬೇಕು.

ಜಿಮೇಲ್ 2024ರ ಫೆಬ್ರವರಿಯಿಂದ ಈ ನಿಯಮಗಳನ್ನು ಬಿಗಿ ಮಾಡಿದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಕಡ್ಡಾಯ, ಉಳಿದವರಿಗೆ ಎಸ್‌ಪಿಎಫ್ ಇಲ್ಲವೇ ಡಿಕೆಐಎಂ ಆದರೂ ಬೇಕು. ‘ಇದು ಸ್ಪ್ಯಾಮ್’ ಎಂದು ಒತ್ತುವವರ ಪ್ರಮಾಣ ಶೇ. 0.3ರ ಕೆಳಗಿರಬೇಕು ಎಂದೂ ಅದು ಕೇಳುತ್ತದೆ. ಅಂದರೆ ಸಾವಿರಕ್ಕೆ ಮೂರು. ನೂರು ಪತ್ರ ಕಳಿಸಿದವರಿಗೆ ಒಬ್ಬರು ಒತ್ತಿದರೂ ಶೇ. 1 ಆಯಿತು. ಸಂಬಂಧವಿಲ್ಲದವರಿಗೆ ಕಳಿಸಬೇಡಿ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಹೊಸ ಡೊಮೇನ್ ಆದರೆ ಮೊದಲ ವಾರಗಳಲ್ಲಿ ಹಳೆಯ ಗ್ರಾಹಕರು, ಟೂಲ್ ಸಪ್ಲೈಯರ್, ಆಡಿಟರ್ ಜೊತೆಗಿನ ಪತ್ರವ್ಯವಹಾರ ಅದರಲ್ಲೇ ನಡೆಸಿ, ಆಮೇಲೆ ದಿನಕ್ಕೆ ನಾಲ್ಕೈದರಂತೆ ಹೊಸಬರಿಗೆ ಶುರು ಮಾಡಿ.

5. ಪತ್ರ

ವಿಷಯದ ಸಾಲಿನಲ್ಲಿ ‘ಬಿಸಿನೆಸ್ ಪ್ರಪೋಸಲ್’, ‘ಕಂಪನಿ ಪ್ರೊಫೈಲ್’ ಎಂದು ಕಂಡರೆ ತೆರೆಯದೆ ಅಳಿಸುತ್ತಿದ್ದೆವು. ಹಳೆಯ ಮಾತುಕತೆಯ ಮುಂದುವರಿಕೆ ಎಂಬಂತೆ ಮುಂದೆ ‘ಆರ್‌ಇ’ ಸೇರಿಸುವ ಕಪಟ ಇನ್ನೂ ಕೆಟ್ಟದ್ದು. ಪಾರ್ಟಿನ ಬಗೆ, ಬ್ಯಾಚು, ಊರು ಇಷ್ಟು ಸಾಕು. ನಮ್ಮಲ್ಲಿ ಕಂಪನಿಗಳ ನಡುವಿನ ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಹೋಗುತ್ತದೆ. ತಿರುಳು ಕಾಣಲೆಂದು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ (ವಿಎಂಸಿ ಎಂದರೆ ಮಿಲ್ಲಿಂಗ್ ಮಾಡುವ ಸಿಎನ್‌ಸಿ ಮಷೀನು).

ವಿಷಯ: ಫಿಲ್ಲಿಂಗ್ ಮಷೀನ್ ಪಾರ್ಟ್‌ಗಳಿಗೆ ವಿಎಂಸಿ ಜಾಬ್ ವರ್ಕ್, 5ರಿಂದ 100 ಪೀಸ್, ಪೀಣ್ಯ

ನಮಸ್ಕಾರ ಸರ್,
ಬಿಐಇಸಿ ಪ್ರದರ್ಶನದಲ್ಲಿ ನಿಮ್ಮ ಪೌಚ್ ಫಿಲ್ಲಿಂಗ್ ಮಷೀನ್ ನೋಡಿದೆ. ಅದರಲ್ಲಿರುವಂಥ ಎಸ್‌ಎಸ್ 304 ಬ್ರಾಕೆಟ್, ಅಲ್ಯುಮಿನಿಯಂ ಪ್ಲೇಟುಗಳೇ ನಮ್ಮ ಶೆಡ್ಡಿನ ದಿನನಿತ್ಯದ ಕೆಲಸ.
ಪೀಣ್ಯ 2ನೇ ಹಂತದಲ್ಲಿ ನಮ್ಮ ಎರಡು ವಿಎಂಸಿ, ಒಂದು ಸಿಎನ್‌ಸಿ ಲೇಥ್ ಇವೆ. 800 ಮಿ.ಮೀ. ಉದ್ದದವರೆಗಿನ ಪಾರ್ಟ್, 20 ಮೈಕ್ರಾನ್, 5ರಿಂದ 100 ಪೀಸಿನ ಬ್ಯಾಚು. ಪ್ರತಿ ಬ್ಯಾಚಿನ ಜೊತೆ ಇನ್‌ಸ್ಪೆಕ್ಷನ್ ರಿಪೋರ್ಟ್ ಕೊಡುತ್ತೇವೆ.
ಈಗಿನ ವೆಂಡರ್‌ನಿಂದ ತಡವಾಗುತ್ತಿರುವ ಪಾರ್ಟ್ ಯಾವುದಾದರೂ ಇದೆಯೇ? ಡ್ರಾಯಿಂಗ್ ಕಳಿಸಿದರೆ ಎರಡು ಕೆಲಸದ ದಿನದಲ್ಲಿ ರೇಟು ಕೊಡುತ್ತೇವೆ. ಮೊದಲು ಎನ್‌ಡಿಎ (ಗೋಪ್ಯತೆಯ ಒಪ್ಪಂದ) ಬೇಕಿದ್ದರೆ ಸಹಿ ಮಾಡುತ್ತೇವೆ. ಇದನ್ನು ಬೇರೆಯವರು ನೋಡುವುದಾದರೆ ಅವರ ಹೆಸರು ತಿಳಿಸಿದರೂ ಉಪಕಾರ.
ಇಂಥ ಪತ್ರ ಬೇಡವಾಗಿದ್ದರೆ ‘ಬೇಡ’ ಎಂದು ಉತ್ತರಿಸಿ, ಮತ್ತೆ ಬರೆಯುವುದಿಲ್ಲ.

ಕೆಳಗೆ ನಿಮ್ಮ ಹೆಸರು, ಮೊಬೈಲ್, ಶೆಡ್ಡಿನ ಪೂರ್ತಿ ವಿಳಾಸ, ಜಿಎಸ್‌ಟಿ ಸಂಖ್ಯೆ, ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಸಂಖ್ಯೆ. ಜಿಎಸ್‌ಟಿ ಸಂಖ್ಯೆಯಿಂದ ನೀವು ನಿಜವಾಗಿ ಇದ್ದೀರಾ ಎಂದು ಅವರು ಸರ್ಕಾರಿ ಪೋರ್ಟಲಿನಲ್ಲಿ ಕ್ಷಣದಲ್ಲಿ ನೋಡಿಕೊಳ್ಳಬಹುದು.

ಆ ಪತ್ರದ ಮೊದಲ ಸಾಲು ಆ ಕಂಪನಿ ಬಿಟ್ಟು ಬೇರೆ ಯಾರಿಗೂ ಹೊಂದಬಾರದು. ಹೊಂದಿದರೆ ನೀವಿನ್ನೂ ಅವರ ಬಗ್ಗೆ ಓದಿಲ್ಲ ಎಂದು ಲೆಕ್ಕ. ‘ಐ ಹೋಪ್ ದಿಸ್ ಇಮೇಲ್ ಫೈಂಡ್ಸ್ ಯು ವೆಲ್’ ಎಂದು ಶುರುವಾಗಿ ‘ಲೀಡಿಂಗ್ ಮ್ಯಾನುಫ್ಯಾಕ್ಚರರ್’, ‘ಕಟಿಂಗ್ ಎಡ್ಜ್ ಸಲ್ಯೂಷನ್ಸ್’ ಎಂದು ಹರಿಯುವ ಪತ್ರಗಳು ಎಐ ಬಂದ ಮೇಲೆ ರಾಶಿ ಬೀಳುತ್ತಿವೆ. ಇಂಗ್ಲಿಷ್ ತಿದ್ದಿಸಿಕೊಳ್ಳಲು ಎಐ ಬಳಸಿ, ತಪ್ಪಿಲ್ಲ. ವಿಷಯ ನಿಮ್ಮದೇ ಇರಲಿ. ಒಂದೆರಡು ವ್ಯಾಕರಣ ತಪ್ಪಿದ್ದರೂ ಪಾರ್ಟಿನ ಬಗ್ಗೆ ತಿಳಿದು ಬರೆದ ಪತ್ರಕ್ಕೆ ನಾವು ಉತ್ತರಿಸಿದ್ದೇವೆ.

ಪ್ರಶ್ನೆಯನ್ನೂ ನೋಡಿ. ‘ಭೇಟಿಗೆ ಸಮಯ ಕೊಡಿ’ ಎಂದು ಕೇಳಿದರೆ ಅವರ ಒಂದು ಗಂಟೆ ಕೇಳಿದಂತೆ. ತಡವಾಗುತ್ತಿರುವ ಪಾರ್ಟ್ ಇದೆಯೇ ಎಂದು ಕೇಳಿದರೆ ಅವರ ತಲೆನೋವಿನ ಬಗ್ಗೆ ಕೇಳಿದಂತೆ.

ಅಟ್ಯಾಚ್‌ಮೆಂಟ್ ಮೊದಲ ಪತ್ರದಲ್ಲಿ ಬೇಡ. ಗೊತ್ತಿಲ್ಲದವರು ಕಳಿಸಿದ ಪಿಡಿಎಫ್ ತೆರೆಯಬೇಡಿ ಎಂದು ಕಂಪನಿಯ ಐಟಿಯವರು ಹೇಳಿರುತ್ತಾರೆ. ಮಷೀನ್ ಪಟ್ಟಿ, ಹತ್ತು ಪಾರ್ಟುಗಳ ಫೋಟೊ ನಿಮ್ಮ ಜಾಲತಾಣದ ಒಂದು ಪುಟದಲ್ಲಿದ್ದರೆ ಅದರ ಒಂದು ಲಿಂಕ್ ಸಾಕು. ಫೋಟೊ ಹಾಕುವಾಗ ಎಚ್ಚರ: ಬೇರೆ ಗ್ರಾಹಕರ ಪಾರ್ಟ್ ಅವರ ಒಪ್ಪಿಗೆ ಇಲ್ಲದೆ ತೋರಿಸಿದರೆ, ‘ನಾಳೆ ನಮ್ಮದನ್ನೂ ಹೀಗೇ ತೋರಿಸ್ತಾರೆ’ ಎಂದೇ ನೋಡುವವರು ಯೋಚಿಸುವುದು.

ಪತ್ರದೊಳಗೆ ಅಡಗಿಸಿದ ಚಿತ್ರ ಇಳಿಯಿತೇ ಎಂದು ನೋಡಿ, ಪತ್ರ ತೆರೆದರೋ ಇಲ್ಲವೋ ತಿಳಿಸುವ ಟ್ರ್ಯಾಕಿಂಗ್ ಸಾಧನಗಳಿಗೆ ದುಡ್ಡು ಹಾಕಬೇಡಿ. 2021ರಿಂದ ಆ್ಯಪಲ್ ಮೇಲ್‌ನ ಖಾಸಗಿತನದ ರಕ್ಷಣೆ ಓದುಗರು ತೆರೆಯುವ ಮೊದಲೇ ಚಿತ್ರಗಳನ್ನು ಇಳಿಸಿಕೊಳ್ಳುತ್ತದೆ, ಆ ಲೆಕ್ಕಕ್ಕೆ ಅರ್ಥ ಉಳಿದಿಲ್ಲ. ಬಂದ ಉತ್ತರಗಳನ್ನು ಎಣಿಸಿ.

6. ಯಾವಾಗ, ಎಷ್ಟು ಸಲ

ಸೋಮವಾರ ಬೆಳಗ್ಗೆ ಪ್ರೊಡಕ್ಷನ್ ಮೀಟಿಂಗ್, ಶನಿವಾರ ಅರ್ಧ ಮನಸ್ಸು. ತಿಂಗಳ ಕೊನೆ ಡಿಸ್ಪ್ಯಾಚ್ ಗಡಿಬಿಡಿ, ಮಾರ್ಚ್ ಕೊನೆ ಸ್ಟಾಕ್ ಲೆಕ್ಕ. ಆಯುಧಪೂಜೆಯ ವಾರ ಯಾರಿಗೂ ಬರೆಯಬೇಡಿ. ಉಳಿದ ದಿನಗಳಲ್ಲಿ ಬೆಳಗಿನ ಹೊತ್ತು ಸರಿ.

ಉತ್ತರ ಬರದಿದ್ದರೆ ಐದಾರು ಕೆಲಸದ ದಿನ ಬಿಟ್ಟು ಅದೇ ಪತ್ರದ ಕೆಳಗೆ ಮುಂದುವರಿಸಿ. ‘ಜ್ಞಾಪನೆಗಾಗಿ’ ಎಂದಷ್ಟೇ ಬರೆದರೆ ಓದುವವರಿಗೆ ಏನು ಲಾಭ? ಹೊಸದೊಂದು ವಿಷಯ ಸೇರಿಸಿ. ಮುಂದಿನ ವಾರ ಮಷೀನ್ ಖಾಲಿ ಇದೆ, ಹೊಸ ಹೈಟ್ ಗೇಜ್ ಬಂದಿದೆ, ಇಂಥದೇ ಪಾರ್ಟ್ ಮಾಡಿದ ಫೋಟೊ ಇಲ್ಲಿದೆ, ಹೀಗೆ. ಇನ್ನೆರಡು ವಾರ ಕಳೆದು ಕೊನೆಯದೊಂದು. ಅಲ್ಲಿಗೆ ನಿಲ್ಲಿಸಿ ಆರು ತಿಂಗಳು ಸುಮ್ಮನಿರಿ. ನಡುವೆ ಒಮ್ಮೆ ಫೋನ್ ಮಾಡಬಹುದು, ‘ಮೇಲ್ ಹಾಕಿದ್ದೆ ಸರ್, ನೋಡೋಕಾಯ್ತಾ?’ ಎಂದು. ಪತ್ರ ಇಂಗ್ಲಿಷಿನಲ್ಲಿದ್ದರೂ ಆ ಫೋನಿನಲ್ಲಿ ಆಡುವ ಎರಡು ಮಾತು ಕನ್ನಡ ಕೆಲಸ ಮಾಡಿಕೊಟ್ಟದ್ದನ್ನು ಕಂಡಿದ್ದೇನೆ.

ಕಂಪನಿ, ಹೆಸರು, ವಿಳಾಸ ಸಿಕ್ಕ ಜಾಗ, ಕಳಿಸಿದ ದಿನಗಳು, ಉತ್ತರ ಇವನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಡಿ. ‘ಬೇಡ’ ಎಂದವರ ಸಾಲಿಗೆ ಕೆಂಪು ಬಣ್ಣ. ಹಾಳೆ ಇಲ್ಲದೆ ‘ಬೇಡ’ ಎಂದವರಿಗೇ ಮತ್ತೆ ಕಳಿಸುವುದು ಸುಲಭವಾಗಿ ಆಗುವ ಎಡವಟ್ಟು.

7. ಕಾನೂನು ಏನು ಹೇಳುತ್ತದೆ

ಭಾರತದಲ್ಲಿ ಸ್ಪ್ಯಾಮ್ ಇಮೇಲಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಕಿರಿಕಿರಿ ಮಾಡುವ ಇಮೇಲನ್ನೂ ಅಪರಾಧವೆಂದಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ರದ್ದು ಮಾಡಿತು. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ 2018ರ ನಿಯಮಗಳು ಕರೆ ಮತ್ತು ಎಸ್‌ಎಂಎಸ್‌ಗೆ ಸಂಬಂಧಿಸಿದವು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ವ್ಯಕ್ತಿಯೇ ಸಾರ್ವಜನಿಕವಾಗಿ ಪ್ರಕಟಿಸಿದ ಮಾಹಿತಿಗೆ ಅದು ಅನ್ವಯಿಸುವುದಿಲ್ಲ, ಯಾರೋ ಕದ್ದು ಮಾರಿದ ಪಟ್ಟಿಗೆ ಈ ವಿನಾಯಿತಿ ಇಲ್ಲ. ವಿಳಾಸ ಎಲ್ಲಿ ಸಿಕ್ಕಿತೆಂದು ಹಾಳೆಯಲ್ಲಿ ಬರೆದಿಡಲು ಇದೂ ಒಂದು ಕಾರಣ.

ಹೊರದೇಶಕ್ಕೆ ಬರೆಯುವವರು ಅಲ್ಲಿನ ನಿಯಮ ನೋಡಲೇಬೇಕು. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ಮೊದಲೇ ಒಪ್ಪಿಗೆ ಕೇಳುವುದಿಲ್ಲ. ಆದರೆ ವಿಷಯದ ಸಾಲು ಮೋಸದ್ದಾಗಿರಬಾರದು, ಅಂಚೆ ವಿಳಾಸ ಇರಬೇಕು, ಬೇಡವೆಂದವರನ್ನು 10 ಕೆಲಸದ ದಿನದೊಳಗೆ ಕೈಬಿಡಬೇಕು. ಕೆನಡಾ ಇನ್ನೂ ಬಿಗಿ. ಜರ್ಮನಿಯಲ್ಲಿ ಕಂಪನಿಗಳಿಗೆ ಬರೆಯಲೂ ಮೊದಲೇ ಒಪ್ಪಿಗೆ ಬೇಕು. ಅಲ್ಲಿನ ಗ್ರಾಹಕರು ಬೇಕೆಂದರೆ ಪ್ರದರ್ಶನದಲ್ಲಿ ಮುಖಾಮುಖಿ ಭೇಟಿಯಾಗಿ, ಕಾರ್ಡ್ ಪಡೆದು, ಬರೆಯಬಹುದೇ ಎಂದು ಕೇಳಿ.

8. ಉತ್ತರ ಬಂದಾಗ

ಅದೇ ದಿನ ಪ್ರತಿಕ್ರಿಯಿಸಿ. ಡ್ರಾಯಿಂಗ್ ಬಂದರೆ ‘ತಲುಪಿತು, ಗುರುವಾರ ಸಂಜೆಗೆ ರೇಟು’ ಎಂದು ಒಂದು ಸಾಲು, ಗುರುವಾರ ಸಂಜೆಗೆ ರೇಟು. ನಿಮ್ಮಲ್ಲಿ ಆಗದ ಪಾರ್ಟ್ ಆದರೆ ರಿಗ್ರೆಟ್ ಎಂದು ಕಾರಣದೊಂದಿಗೆ ತಿಳಿಸಿ. ಆಗಲ್ಲ ಎಂದು ಬೇಗ ಹೇಳಿದವರಿಗೆ ಮುಂದಿನ ಡ್ರಾಯಿಂಗ್ ಕಳಿಸಲು ನಮಗೆ ಯಾವತ್ತೂ ಬೇಸರವಾಗಿಲ್ಲ. ಹದಿನೈದು ದಿನ ಸುಮ್ಮನಿದ್ದು ಆಮೇಲೆ ಸಿಕ್ಕಾಪಟ್ಟೆ ರೇಟು ಹಾಕಿದವರನ್ನು ಪಟ್ಟಿಯಿಂದ ತೆಗೆದಿದ್ದೇವೆ.

ವೆಂಡರ್ ನೋಂದಣಿ ಫಾರಂ ಬಂದರೆ ಜಿಎಸ್‌ಟಿ, ಪ್ಯಾನ್, ಉದ್ಯಮ್, ರದ್ದು ಮಾಡಿದ ಚೆಕ್, ಐಎಸ್‌ಒ ಇದ್ದರೆ ಅದರ ಪ್ರತಿ ಒಂದೇ ಫೋಲ್ಡರಿನಲ್ಲಿ ಸಿದ್ಧವಿರಲಿ. ದೊಡ್ಡ ಕಂಪನಿಯ ಹೆಸರಲ್ಲಿ ‘ವೆಂಡರ್ ನೋಂದಣಿಗೆ ಮರಳಿಸಬಹುದಾದ ಠೇವಣಿ ಕಟ್ಟಿ’ ಎಂದು ಪತ್ರ ಬಂದರೆ ಅದು ಮೋಸವೆಂದೇ ತಿಳಿದು, ಕಂಪನಿಯ ಜಾಲತಾಣದಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ವಿಚಾರಿಸಿ.

ಕೊಟೇಶನ್‌ನಲ್ಲಿ ಹಣ ಕೊಡುವ ಅವಧಿಯನ್ನು ಬರೆಯಲು ನಾಚಿಕೆ ಬೇಡ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಹಣ ಪಾವತಿಸುವ ಅವಧಿ, ಲಿಖಿತ ಒಪ್ಪಂದವಿದ್ದರೂ, 45 ದಿನ ಮೀರುವಂತಿಲ್ಲ. 90 ದಿನ ಎಂದು ಫಾರಂನಲ್ಲಿ ಅಚ್ಚು ಹಾಕಿರುವ ಕಂಪನಿಗಳಿವೆ. ಮೊದಲ ಟ್ರಯಲ್ ಆರ್ಡರ್ ಸಣ್ಣದಿರುವಾಗಲೇ ಈ ಮಾತು ಆಡಿ, ಉದ್ಯಮ್ ಸಂಖ್ಯೆಯನ್ನು ಇನ್‌ವಾಯ್ಸ್ ಮೇಲೂ ಹಾಕಿ.